ಜೈಲಿನಿಂದ ಬಂದ ವಿಕ್‌ನನ್ನು ಈಗಲ್ಸ್ ಸೇರಿಸಿಕೊಂಡದ್ದು ಸರಿಯೇ?

ಡೆಲವೇರ್ ದಂಡೆ

ನಾನಿರುವುದು ನ್ಯೂಜೆರ್ಸಿಯಲ್ಲಿ, ನದಿ ದಾಟಿದರೆ ಫಿಲಡೆಲ್ಫಿಯಾ. 2024ರ ಡಿಸೆಂಬರ್‌ನಲ್ಲಿ ವರ್ಜೀನಿಯಾದ ನಾರ್‌ಫೋಕ್ ಸ್ಟೇಟ್ ವಿಶ್ವವಿದ್ಯಾಲಯ ಮೈಕಲ್ ವಿಕ್‌ನನ್ನು ಮುಖ್ಯ ತರಬೇತುದಾರನನ್ನಾಗಿ ನೇಮಿಸಿಕೊಂಡಾಗ ನಮ್ಮ ಕಚೇರಿಯ ಊಟದ ಮೇಜಿನಲ್ಲಿ ಹದಿನೈದು ವರ್ಷ ಹಳೆಯ ಜಗಳವೊಂದು ಮತ್ತೆ ಹೊತ್ತಿಕೊಂಡಿತು. ಇನ್ನೂ ಆರಿಲ್ಲ. ಅದನ್ನೇ ಇಲ್ಲಿಗೂ ತರುತ್ತಿದ್ದೇನೆ. ಅಮೆರಿಕನ್ ಫುಟ್‌ಬಾಲ್ ಗೊತ್ತಿಲ್ಲದವರು ಓದು ನಿಲ್ಲಿಸಬೇಡಿ, ಈ ಜಗಳಕ್ಕೆ ಆಟದ ನಿಯಮಗಳು ಬೇಕಿಲ್ಲ.

ಕಥೆ ಇಷ್ಟು. 2001ರಲ್ಲಿ ಅಟ್ಲಾಂಟಾ ಫಾಲ್ಕನ್ಸ್ ತಂಡ ದೇಶದ ಎಲ್ಲ ಹೊಸ ಆಟಗಾರರಲ್ಲಿ ಮೊದಲಿಗನಾಗಿ ಆರಿಸಿಕೊಂಡ ಕ್ವಾರ್ಟರ್‌ಬ್ಯಾಕ್ ವಿಕ್. ಚೆಂಡು ಎಸೆಯಬೇಕಾದ ಜಾಗದಲ್ಲಿ ನಿಂತು, ಎಸೆಯುವ ಬದಲು ತಾನೇ ಹೊತ್ತು ಓಡಿ ಹನ್ನೊಂದು ಜನರನ್ನು ಬೆಪ್ಪಾಗಿಸುತ್ತಿದ್ದ. 2004ರಲ್ಲಿ 13 ಕೋಟಿ ಡಾಲರ್‌ಗಳ ಒಪ್ಪಂದ. 2007ರ ಏಪ್ರಿಲ್‌ನಲ್ಲಿ ವರ್ಜೀನಿಯಾದ ಸರ್ರಿ ಕೌಂಟಿಯಲ್ಲಿ ಅವನಿಗೆ ಸೇರಿದ ಜಾಗವೊಂದರಲ್ಲಿ ಪೊಲೀಸರು ಶೋಧಿಸಿದಾಗ ನಾಯಿಕಾಳಗದ ದಂಧೆ ಹೊರಬಿತ್ತು. ತಪ್ಪೊಪ್ಪಿಕೊಂಡ. ಡಿಸೆಂಬರ್‌ನಲ್ಲಿ 23 ತಿಂಗಳ ಶಿಕ್ಷೆಯಾಯಿತು, ಕಾನ್ಸಸ್‌ನ ಲೆವೆನ್‌ವರ್ತ್ ಜೈಲು. ಅಲ್ಲಿರುವಾಗಲೇ ದಿವಾಳಿ. ಹೊರಬಂದ ಮೇಲೆ 2009ರ ಆಗಸ್ಟ್‌ನಲ್ಲಿ ನಮ್ಮ ಫಿಲಡೆಲ್ಫಿಯಾದ ಈಗಲ್ಸ್ ತಂಡ ಅವನನ್ನು ಸೇರಿಸಿಕೊಂಡಿತು. ಮೊದಲ ವರ್ಷಕ್ಕೆ 16 ಲಕ್ಷ ಡಾಲರ್.

ಅಂದು ಕ್ರೀಡಾಂಗಣದ ಹೊರಗೆ ಫಲಕ ಹಿಡಿದು ನಿಂತವರಲ್ಲಿ ನನ್ನ ನೆರೆಮನೆಯವರೂ ಇದ್ದರು. ನಾನು ಇರಲಿಲ್ಲ. ನನ್ನ ನಿಲುವು ಅಂದೂ ಇಂದೂ ಒಂದೇ: ಈಗಲ್ಸ್ ಮಾಡಿದ್ದು ಸರಿ. ನ್ಯಾಯಾಲಯ ಕೊಟ್ಟ ಶಿಕ್ಷೆಯನ್ನು ಅನುಭವಿಸಿದ ಮೇಲೆ ಮನುಷ್ಯನಿಗೆ ತಾನು ಬಲ್ಲ ಕೆಲಸ ಮಾಡಿ ಬದುಕಲು ಬಿಡಬೇಕು. ಇಲ್ಲದಿದ್ದರೆ ಶಿಕ್ಷೆಗೆ ಅವಧಿ ಎಂದು ಇಡುವುದಾದರೂ ಏಕೆ? ಆತ ಸಾಲಗಾರರಿಗೆ ಕೈ ಎತ್ತಲಿಲ್ಲ. ಕಂತು ಕಂತಾಗಿ ವರ್ಷಗಟ್ಟಲೆ ತೀರಿಸಿದ. ನೀವೇನು ಹೇಳುತ್ತೀರಿ?

ಚಾಮುಂಡಿ ತಪ್ಪಲು

"ನಾಯಿಕಾಳಗದ ದಂಧೆ ಹೊರಬಿತ್ತು" ಎಂದು ಒಂದು ಸಾಲಿನಲ್ಲಿ ಮುಗಿಸಿದ್ದೀರಿ, ಅಲ್ಲಿಂದಲೇ ಶುರುಮಾಡೋಣ.

ಕಾಳಗವಷ್ಟೇ ಆಗಿದ್ದರೆ ಮಾತು ಬೇರೆ. ತಪ್ಪೊಪ್ಪಿಗೆಯ ದಾಖಲೆಯಲ್ಲಿ ಇರುವುದನ್ನು ಓದಿ: 2007ರ ಏಪ್ರಿಲ್‌ನಲ್ಲಿ, ಪರೀಕ್ಷೆಗೆ ಬಿಟ್ಟಾಗ ಚೆನ್ನಾಗಿ ಕಾದಾಡದ ಎಂಟರಷ್ಟು ನಾಯಿಗಳನ್ನು ಕೊಲ್ಲಲಾಯಿತು. ನೇಣು ಹಾಕಿ. ನೀರಿನಲ್ಲಿ ಮುಳುಗಿಸಿ. ಒಂದನ್ನಾದರೂ ನೆಲಕ್ಕೆ ಅಪ್ಪಳಿಸಿ. ಇದು ಕೋಪದ ಕ್ಷಣದಲ್ಲಿ ಕೈ ಮೀರಿದ ಕೆಲಸವಲ್ಲ. ವರ್ಷಗಟ್ಟಲೆ ನಡೆದ ವ್ಯವಹಾರ, ಲೆಕ್ಕಾಚಾರವಿದ್ದ ವ್ಯವಹಾರ. ಕಾದಾಡದ ನಾಯಿಗೆ ಹಾಕುವ ಕೂಳು ದಂಡ ಎಂಬ ಲೆಕ್ಕ.

ನಾನು ಮೈಸೂರಿನಲ್ಲಿ ನಾಯಿಗಳ ಆಶ್ರಯತಾಣವೊಂದರಲ್ಲಿ ಬಿಡುವಿನ ವೇಳೆ ಕೆಲಸ ಮಾಡುತ್ತೇನೆ. ಕಾಳಗಕ್ಕೆ ಬಳಸಿದ್ದ ಒಂದು ಹೆಣ್ಣುನಾಯಿ ನಮ್ಮಲ್ಲಿಗೆ ಬಂದಿತ್ತು. ಎದುರಾಳಿಯ ಬಾಯಿಗೆ ಸಿಗದಿರಲಿ ಎಂದು ಎರಡೂ ಕಿವಿಗಳನ್ನು ಬುಡದವರೆಗೆ ಕೊಯ್ದಿದ್ದರು. ವೈದ್ಯರು ಕೊಯ್ದ ಗಾಯವಲ್ಲ ಅದು, ಅಂಚು ಹಲ್ಲುಹಲ್ಲಾಗಿತ್ತು. ಸ್ಟೀಲ್ ತಟ್ಟೆ ನೆಲಕ್ಕೆ ತಾಗಿದ ಸದ್ದಾದರೆ ನಿಂತಲ್ಲೇ ಉಚ್ಚೆ ಹೊಯ್ದುಕೊಳ್ಳುತ್ತಿತ್ತು. ಹೀಗಾಗಿ ಅದಕ್ಕೆ ಪ್ಲಾಸ್ಟಿಕ್ ಬೋಗುಣಿಯಲ್ಲಿ ಅನ್ನ ಹಾಕುತ್ತಿದ್ದೆವು. ಮನುಷ್ಯರನ್ನು ಒಮ್ಮೆಯೂ ಕಚ್ಚಲಿಲ್ಲ.

ವಿಕ್ ಬದುಕಲಿ, ದುಡಿಯಲಿ, ಸಾಲ ತೀರಿಸಲಿ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ದುಡಿಯುವುದಕ್ಕೂ, ಎಪ್ಪತ್ತು ಸಾವಿರ ಜನರ ಎದುರು ನಿಲ್ಲಿಸಿ ಮಕ್ಕಳ ಬೆನ್ನಿಗೆ ಅವನ ಹೆಸರಿನ ಅಂಗಿ ತೊಡಿಸುವುದಕ್ಕೂ ವ್ಯತ್ಯಾಸವಿಲ್ಲವೇ? ಜೈಲಿನಿಂದ ಬಂದ ಮರಗೆಲಸದವನಿಗೆ ಯಾರೂ ಜೈಕಾರ ಹಾಕುವುದಿಲ್ಲ.

ಧಾರವಾಡ ವಕೀಲ

ಮೇಡಂ ಹೇಳಿದ ಕೊನೆಯ ವಾಕ್ಯಕ್ಕೆ ನನ್ನ ಸಹಮತವಿದೆ. ಉಳಿವಿನ ಹಕ್ಕು ಬೇರೆ, ಇಂಥದ್ದೇ ಕುರ್ಚಿಯ ಹಕ್ಕು ಬೇರೆ. ಶಿಕ್ಷೆ ಮುಗಿದ ಮೇಲೆ ಸರ್ಕಾರ ಅವನನ್ನು ಮತ್ತೆ ಮುಟ್ಟುವಂತಿಲ್ಲ. ಹಾಗೆಂದು ಈಗಲ್ಸ್ ಮಾಲೀಕರು ಕೆಲಸ ಕೊಡಲೇಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ಕೊಟ್ಟರು, ಏಕೆಂದರೆ ಅವರಿಗೆ ಅವನು ಬೇಕಾಗಿದ್ದ.

ಇನ್ನೊಂದು ಮಾತು ನಮ್ಮವರಿಗೆ. ಅಮೆರಿಕದಲ್ಲಿ 23 ತಿಂಗಳಾಯಿತು ಎಂದು ಹುಬ್ಬೇರಿಸುವವರು ನಮ್ಮ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮನ್ನು ನೋಡಬೇಕು. ಪ್ರಾಣಿಗಳನ್ನು ಕಾದಾಡಲು ಬಿಟ್ಟರೆ ಮೊದಲ ಸಲದ ಅಪರಾಧಕ್ಕೆ ದಂಡ ಹತ್ತು ರೂಪಾಯಿಗೆ ಕಡಿಮೆಯಿಲ್ಲ, ಐವತ್ತು ರೂಪಾಯಿಗೆ ಹೆಚ್ಚಿಲ್ಲ. ಇಂದಿಗೂ ಅಷ್ಟೇ. ಪ್ರಾಣಿಯನ್ನು ಕೊಂದರೆ ಅಥವಾ ಊನಗೊಳಿಸಿದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನಡಿ ಐದು ವರ್ಷದವರೆಗೆ ಆಗಬಹುದು, ಅದು ಬೇರೆ. ಆದರೆ ನಮ್ಮಲ್ಲಿ ಎಷ್ಟು ಮಂದಿಗೆ ಆಗಿದೆ?

ಕುಂದಾಪ್ರ ಕಡಲು

ಜಾತ್ರೆ ಮುಗಿದ ಮೇಲೆ ಗದ್ದೆಯಲ್ಲಿ ಕೋಳಿ ಅಂಕ ನೋಡುತ್ತಲೇ ಬೆಳೆದವನು ನಾನು. ಕಾಲಿಗೆ ಕತ್ತಿ ಕಟ್ಟಿ ಬಿಡುತ್ತಾರೆ, ಎರಡು ನಿಮಿಷದಲ್ಲಿ ಒಂದು ಬೀಳುತ್ತದೆ, ಸೋತ ಕೋಳಿ ಗೆದ್ದವನ ಮನೆಯ ಸಾರಿಗೆ. ಅಜ್ಜ ಕರೆದುಕೊಂಡು ಹೋಗುತ್ತಿದ್ದರು. ಅದು ಕ್ರೌರ್ಯ ಎಂದು ನನಗೆ ಅನ್ನಿಸಿದ್ದೇ ಊರು ಬಿಟ್ಟ ಮೇಲೆ. ವಿಕ್ ಕೂಡ ತಾನು ಚಿಕ್ಕ ಹುಡುಗನಾಗಿದ್ದಾಗಿನಿಂದಲೇ ನ್ಯೂಪೋರ್ಟ್ ನ್ಯೂಸ್‌ನ ಕೇರಿಯಲ್ಲಿ ನಾಯಿಕಾಳಗ ನೋಡಿದ್ದಾಗಿ ಹೇಳಿದ್ದಾನೆ. ಅವನನ್ನು ರಾಕ್ಷಸ ಎನ್ನಲು ನನಗೆ ನಾಲಿಗೆ ಏಳುವುದಿಲ್ಲ. ಭಾನುವಾರ ಕೋಳಿ ತಿಂದು ಸೋಮವಾರ ನಾಯಿಗಾಗಿ ಅಳುವ ಜನ ನಾವು.

ಚಾಮುಂಡಿ ತಪ್ಪಲು

ನೋಡುತ್ತ ಬೆಳೆದಿರಿ, ಸರಿ. ಅದಕ್ಕಾಗಿ ಐದಾರು ವರ್ಷ ಹಣ ಹೂಡಿ ಸಂಸ್ಥೆ ಕಟ್ಟಿದಿರಾ? ಆ ಕೇರಿಯಿಂದ ಬಂದ ಸಾವಿರಾರು ಹುಡುಗರು ಅದನ್ನು ಮಾಡಲಿಲ್ಲ. ಬಡತನದ ನೆಪವನ್ನು 13 ಕೋಟಿ ಡಾಲರ್ ಒಪ್ಪಂದದವನಿಗೆ ಕೊಡುವುದು ಆ ಕೇರಿಗೇ ಮಾಡುವ ಅವಮಾನ.

ಗಜ ಲೆಕ್ಕ

ನೀವೆಲ್ಲ ಧರ್ಮಸೂಕ್ಷ್ಮ ಮಾತಾಡುತ್ತಿದ್ದೀರಿ. ನಾನು ಬರೀ ಲೆಕ್ಕದವನು.

ರೇ ರೈಸ್, ಬಾಲ್ಟಿಮೋರ್ ರೇವನ್ಸ್ ತಂಡದಲ್ಲಿ ಚೆಂಡು ಹೊತ್ತು ಓಡುವವನು. 2014ರಲ್ಲಿ ಭಾವಿ ಪತ್ನಿಯನ್ನು ಲಿಫ್ಟ್‌ನಲ್ಲಿ ಹೊಡೆದು ಬೀಳಿಸಿದ ದೃಶ್ಯ ಹೊರಬಂತು. ತಂಡ ಕೈಬಿಟ್ಟಿತು. ಅವನ ಮೇಲಿನ ಅನಿರ್ದಿಷ್ಟ ನಿಷೇಧವನ್ನು ಅದೇ ನವೆಂಬರ್‌ನಲ್ಲಿ ಮಧ್ಯಸ್ಥಗಾರರು ರದ್ದುಮಾಡಿದರು. ಆಡಬಹುದಿತ್ತು. ಯಾರೂ ಕರೆಯಲಿಲ್ಲ. ಹಿಂದಿನ ವರ್ಷ ಅವನ ಸರಾಸರಿ ಒಂದು ಓಟಕ್ಕೆ 3.1 ಗಜ ಮಾತ್ರ. ಮುಗಿದ ಆಟಗಾರ.

ಟೈರೀಕ್ ಹಿಲ್. 2014ರ ಡಿಸೆಂಬರ್‌ನಲ್ಲಿ ಗರ್ಭಿಣಿಯಾಗಿದ್ದ ಗೆಳತಿಯ ಮೇಲೆ ಹಲ್ಲೆ ಮಾಡಿದ ಆರೋಪದಲ್ಲಿ ಬಂಧನ, ಕಾಲೇಜು ತಂಡದಿಂದ ಹೊರಕ್ಕೆ, ಮುಂದಿನ ವರ್ಷ ತಪ್ಪೊಪ್ಪಿಗೆ, ಮೂರು ವರ್ಷ ಸನ್ನಡತೆಯ ನಿಗಾ. 2016ರಲ್ಲಿ ಕಾನ್ಸಸ್ ಸಿಟಿ ಚೀಫ್ಸ್ ತಂಡ ಹೊಸ ಆಟಗಾರರ ಆಯ್ಕೆಯ ಐದನೇ ಸುತ್ತಿನಲ್ಲಿ ಆರಿಸಿಕೊಂಡಿತು. ಆಗ ಅವನಷ್ಟು ವೇಗವಾಗಿ ಓಡುವವರು ಲೀಗ್‌ನಲ್ಲಿ ಬೆರಳೆಣಿಕೆಯಷ್ಟು. ಅಂದಹಾಗೆ ಅಲ್ಲಿನ ತರಬೇತುದಾರ ಆ್ಯಂಡಿ ರೀಡ್. ವಿಕ್‌ನನ್ನು ಫಿಲಡೆಲ್ಫಿಯಾಕ್ಕೆ ಕರೆತಂದವರೂ ಇವರೇ.

ಮೂರನೆಯವನು ಕಾಲಿನ್ ಕೆಪರ್ನಿಕ್, ಅವನೂ ಕ್ವಾರ್ಟರ್‌ಬ್ಯಾಕ್. ಯಾರನ್ನೂ ಹೊಡೆದಿಲ್ಲ, ಯಾವ ನಾಯಿಯನ್ನೂ ಕೊಂದಿಲ್ಲ. 2016ರಲ್ಲಿ ಪೊಲೀಸ್ ದೌರ್ಜನ್ಯದ ವಿರುದ್ಧ ರಾಷ್ಟ್ರಗೀತೆಯ ಹೊತ್ತಿನಲ್ಲಿ ಮಂಡಿಯೂರಿದ. ಆ ವರ್ಷದ ನಂತರ ಲೀಗ್‌ನಲ್ಲಿ ಒಂದೇ ಒಂದು ಪಂದ್ಯ ಸಿಗಲಿಲ್ಲ.

ತಂಡಗಳು ಕ್ಷಮಿಸುವುದೂ ಇಲ್ಲ, ಶಿಕ್ಷಿಸುವುದೂ ಇಲ್ಲ. ಇವನಿಂದ ಬರುವ ಗೆಲುವು ಹೆಚ್ಚೋ, ತಲೆನೋವು ಹೆಚ್ಚೋ ಎಂದು ನೋಡುತ್ತವೆ. ಅದಕ್ಕೆ "ಎರಡನೇ ಅವಕಾಶ" ಎಂಬ ಹೆಸರಿಡುವುದು ಪತ್ರಿಕಾಗೋಷ್ಠಿಗಾಗಿ.

ಡೆಲವೇರ್ ದಂಡೆ

ಗಜ ಲೆಕ್ಕದವರೇ, ನಿಮ್ಮ ಲೆಕ್ಕ 2009ಕ್ಕೆ ತಾಳೆಯಾಗುವುದಿಲ್ಲ. ವಿಕ್ ಬಂದಾಗ ಈಗಲ್ಸ್‌ಗೆ ಕ್ವಾರ್ಟರ್‌ಬ್ಯಾಕ್ ಆಗಿ ಡೊನೊವನ್ ಮೆಕ್‌ನ್ಯಾಬ್ ಇದ್ದರು. ಅವರ ಬೆನ್ನಿಗೆ ಕೆವಿನ್ ಕಾಲ್ಬ್ ತಯಾರಾಗುತ್ತಿದ್ದರು. ವಿಕ್ ಮೂರನೆಯವನು, ಎರಡು ವರ್ಷ ಆಡಿರಲಿಲ್ಲ, ಜೈಲಿನ ಊಟ ತಿಂದ ದೇಹ. ತನ್ನ ಜಾಗಕ್ಕೇ ಕುತ್ತು ತರಬಹುದಾದವನನ್ನು ಸೇರಿಸಿಕೊಳ್ಳಿ ಎಂದು ರೀಡ್ ಬಳಿ ಪಟ್ಟು ಹಿಡಿದವರೇ ಮೆಕ್‌ನ್ಯಾಬ್. ಇಂಡಿಯಾನಾಪೊಲಿಸ್‌ನ ಹಿಂದಿನ ತರಬೇತುದಾರ ಟೋನಿ ಡಂಜಿ ಜೈಲಿಗೇ ಹೋಗಿ ಅವನೊಡನೆ ಕುಳಿತು ಮಾತಾಡಿ, ಬೆನ್ನಿಗೆ ನಿಲ್ಲುತ್ತೇನೆಂದು ಒಪ್ಪಿದ್ದರು. ರೀಡ್‌ ಅವರ ಇಬ್ಬರು ಗಂಡುಮಕ್ಕಳು ಜೈಲು ಕಂಡವರು. ಆ ಅಪ್ಪನಿಗೆ ಇದು ಬರೀ ಆಟದ ಲೆಕ್ಕವಾಗಿತ್ತು ಎಂದು ನಾನು ನಂಬುವುದಿಲ್ಲ.

2010ರ ಮೊದಲ ಪಂದ್ಯದಲ್ಲಿ ಕಾಲ್ಬ್ ತಲೆಗೆ ಪೆಟ್ಟಾಯಿತು, ವಿಕ್ ಒಳಬಂದ. ನವೆಂಬರ್ 15ರ ರಾತ್ರಿ ವಾಷಿಂಗ್ಟನ್ ವಿರುದ್ಧದ ಆಟ ನನಗೆ ಈಗಲೂ ಕಣ್ಣಿಗೆ ಕಟ್ಟಿದೆ. ಮಳೆ ಬಿದ್ದ ಮೈದಾನ. ಈಗಲ್ಸ್‌ನ ಮೊದಲ ಯತ್ನವೇ ಡಿಶಾನ್ ಜಾಕ್ಸನ್‌ಗೆ 88 ಗಜಗಳ ಟಚ್‌ಡೌನ್, ಅಂದರೆ ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿ ಗಳಿಸುವ ಅಂಕ. ರಾತ್ರಿ ಮುಗಿಯುವಷ್ಟರಲ್ಲಿ ನಾಲ್ಕು ಟಚ್‌ಡೌನ್ ಎಸೆದು, ಎರಡನ್ನು ತಾನೇ ಓಡಿ ಗಳಿಸಿದ್ದ. 59–28. ಎದುರು ತಂಡದ ಕ್ವಾರ್ಟರ್‌ಬ್ಯಾಕ್ ಯಾರು ಗೊತ್ತೇ? ಅದೇ ಮೆಕ್‌ನ್ಯಾಬ್, ಅಷ್ಟರಲ್ಲಿ ನಮ್ಮವರು ಅವರನ್ನು ವಾಷಿಂಗ್ಟನ್‌ಗೆ ಸಾಗಹಾಕಿದ್ದರು.

ಸಾಂತಾ ಕ್ಲಾಸ್ ವೇಷದವನಿಗೂ ಹಿಮದ ಉಂಡೆ ಎಸೆದ ಊರು ಇದು, ಯಾರನ್ನೂ ಸುಲಭವಾಗಿ ಒಪ್ಪುವುದಿಲ್ಲ. ಆ ರಾತ್ರಿ ಒಪ್ಪಿತು.

ಗಜ ಲೆಕ್ಕ

ನನ್ನ ಮಾತನ್ನೇ ನೀವು ಇಷ್ಟು ಚೆಂದವಾಗಿ ಹೇಳಿದಿರಿ, ಧನ್ಯವಾದ. 59 ಅಂಕಕ್ಕೆ ಒಪ್ಪಿತು. 2011ರ ಆಗಸ್ಟ್‌ನಲ್ಲಿ ಆರು ವರ್ಷಕ್ಕೆ 10 ಕೋಟಿ ಡಾಲರ್ ಒಪ್ಪಂದ ಬಂತು. 2012ರಲ್ಲಿ 4 ಗೆಲುವು, 12 ಸೋಲು. 2013ರಲ್ಲಿ ಬೆಂಚು. ಆಗ ನಿಮ್ಮ ನೆರೆಮನೆಯವರು "ಮೊದಲೇ ಹೇಳಿದ್ದೆವು" ಎಂದರೋ ಇಲ್ಲವೋ?

ಡೆಲವೇರ್ ದಂಡೆ

ಎಂದರು. ಅವನು ಚೆಂಡು ಕೈಬಿಟ್ಟಾಗಲೆಲ್ಲ ಬೊಗಳಿ ತೋರಿಸುತ್ತಿದ್ದರು.

ಚಾಮುಂಡಿ ತಪ್ಪಲು

ಒಂದು ಸಂಗತಿ ಯಾರೂ ಎತ್ತಲಿಲ್ಲ. 2009ರ ಡಿಸೆಂಬರ್‌ನಲ್ಲಿ, ಸೇರಿ ನಾಲ್ಕೇ ತಿಂಗಳಾಗಿದ್ದವನಿಗೆ ಸಹ ಆಟಗಾರರು ಮತ ಹಾಕಿ ಎಡ್ ಬ್ಲಾಕ್ ಧೈರ್ಯ ಪ್ರಶಸ್ತಿ ಕೊಟ್ಟರು. ಗಾಯ, ಕಾಯಿಲೆ, ದುರಂತ ಮೆಟ್ಟಿ ನಿಂತವರಿಗೆ ಕೊಡುವ ಪ್ರಶಸ್ತಿ. ಯಾರೋ ಮಾಡಿದ ಅನ್ಯಾಯವನ್ನು ಅವನು ಸಹಿಸಿಕೊಂಡು ಬಂದಂತೆ! ತಾನೇ ತೋಡಿದ ಹೊಂಡದಿಂದ ಹತ್ತಿ ಬಂದವನಿಗೆ ಹೂಮಾಲೆ. ತಂಡ ಸೇರಿಸಿಕೊಂಡದ್ದಕ್ಕಿಂತ ಇದು ನನ್ನನ್ನು ಕೆರಳಿಸುತ್ತದೆ. ಎರಡನೇ ಅವಕಾಶ ಕೊಡಿ, ಆದರೆ ತಲೆ ತಗ್ಗಿಸಿ ಕೆಲಸ ಮಾಡುವ ಅವಕಾಶ ಕೊಡಿ. ಇಲ್ಲಿ ಮೊದಲ ಚಳಿಗಾಲದಲ್ಲೇ ಅವನ ಅಪರಾಧವನ್ನು ಅವನ ಸಾಹಸಗಾಥೆಯ ಮೊದಲ ಅಧ್ಯಾಯವಾಗಿಸಿಬಿಟ್ಟರು.

ಫೋರ್ತ್ ಕೊಲ್ಲಿ

ಸ್ಕಾಟ್ಲೆಂಡಿನಿಂದ ಬರೆಯುತ್ತಿದ್ದೇನೆ. ಮೂಲ ತುಮಕೂರು, ಈಗ ಫೈಫ್. ನಿಮ್ಮ ಅಮೆರಿಕನ್ ಆಟ ನನಗೆ ತಲೆಬುಡ ತಿಳಿಯದು. ಇಲ್ಲಿ ಕಾಲಿನಲ್ಲೇ ಆಡುವ ಫುಟ್‌ಬಾಲ್‌ನಲ್ಲಿ, ನಮ್ಮ ಮನೆಯ ಹತ್ತಿರವೇ, ಇದೇ ಪ್ರಶ್ನೆ ಬಂದಿತ್ತು. ಉತ್ತರ ತಿರುಗಾಮುರುಗಾ ಆಯಿತು.

ಕರ್ಕಾಡಿ ಊರಿನ ರೇಯ್ತ್ ರೋವರ್ಸ್ ಕೋಟಿಗಟ್ಟಲೆ ವ್ಯವಹಾರದ ಕ್ಲಬ್ ಅಲ್ಲ. ಟಿಕೆಟ್ ಹರಿಯುವವರು, ಬಿಸಿ ಪೈ ಮಾರುವವರು, ಮಹಿಳಾ ತಂಡದವರು ಎಲ್ಲರೂ ಪರಸ್ಪರ ಹೆಸರು ಬಲ್ಲವರು. 2022ರ ಜನವರಿ 31ರಂದು, ಆಟಗಾರರ ವಿನಿಮಯದ ಕೊನೆಯ ದಿನ, ಕ್ಲಬ್ ಡೇವಿಡ್ ಗುಡ್‌ವಿಲ್ಲಿ ಎಂಬ ಸ್ಟ್ರೈಕರ್‌ನನ್ನು ಸೇರಿಸಿಕೊಂಡಿತು. ಒಂದು ಕಾಲಕ್ಕೆ ಸ್ಕಾಟ್ಲೆಂಡ್ ತಂಡಕ್ಕೆ ಆಡಿದವನು, ಗೋಲು ಹೊಡೆಯುವುದರಲ್ಲಿ ಎತ್ತಿದ ಕೈ. ಆದರೆ 2011ರಲ್ಲಿ ಅವನೂ ಇನ್ನೊಬ್ಬ ಆಟಗಾರನೂ ಮಹಿಳೆಯೊಬ್ಬರ ಮೇಲೆ ಅತ್ಯಾಚಾರ ಮಾಡಿದ್ದಾರೆ ಎಂದು 2017ರಲ್ಲಿ ಸಿವಿಲ್ ನ್ಯಾಯಾಲಯ ತೀರ್ಪು ಕೊಟ್ಟು ಒಂದು ಲಕ್ಷ ಪೌಂಡ್ ಪರಿಹಾರ ಕೊಡಲು ಹೇಳಿತ್ತು. ಕ್ರಿಮಿನಲ್ ಪ್ರಕರಣ ಸಾಕ್ಷ್ಯ ಸಾಲದೆಂದು ಮೊದಲೇ ನಿಂತುಹೋಗಿತ್ತು. ಅವನು ತಪ್ಪನ್ನು ಒಪ್ಪಲಿಲ್ಲ, ಮೇಲ್ಮನವಿ ಹಾಕಿ ಸೋತ.

ಕ್ಲಬ್ ಮೊದಲು ಹೇಳಿದ್ದು, ಇದು ಫುಟ್‌ಬಾಲ್‌ಗೆ ಸಂಬಂಧಿಸಿದ ನಿರ್ಧಾರ ಎಂದು. ಅಂಗಿಯ ಎದೆಯ ಮೇಲೆ ಹೆಸರಿದ್ದ ಪ್ರಾಯೋಜಕರು ಕಾದಂಬರಿಕಾರ್ತಿ ವ್ಯಾಲ್ ಮೆಕ್‌ಡರ್ಮಿಡ್. ಆಕೆಯ ತಂದೆ ಇದೇ ಕ್ಲಬ್ಬಿಗೆ ಹುಡುಗರನ್ನು ಹುಡುಕಿಕೊಡುತ್ತಿದ್ದವರು. ಮೈದಾನದ ಒಂದು ಗ್ಯಾಲರಿಗೆ ಆ ಮನೆತನದ ಹೆಸರಿದೆ. ಆಕೆ ಪ್ರಾಯೋಜಕತ್ವವನ್ನು ಕಿತ್ತುಕೊಂಡರು. ಮಹಿಳಾ ತಂಡದ ನಾಯಕಿ ಅಂದೇ ಕ್ಲಬ್ ಬಿಟ್ಟರು. ನಿರ್ದೇಶಕರು ಕೆಲವರು ರಾಜೀನಾಮೆ ಕೊಟ್ಟರು. ನಾಲ್ಕು ದಿನ ತುಂಬುವಷ್ಟರಲ್ಲಿ ಅಧ್ಯಕ್ಷರು, ನಾವು ಮಾಡಿದ್ದು ತಪ್ಪು, ಅವನನ್ನು ಆಡಿಸುವುದಿಲ್ಲ ಎಂದು ಪ್ರಕಟಿಸಿದರು. ಆದರೆ ಮಹಿಳಾ ತಂಡ ಹಿಂದಿರುಗಲಿಲ್ಲ. ಬೇರೆಯಾಗಿ, ಮೆಕ್‌ಡರ್ಮಿಡ್ ಲೇಡೀಸ್ ಎಂದು ಹೆಸರಿಟ್ಟುಕೊಂಡು ಆಡಿತು.

ಗುಡ್‌ವಿಲ್ಲಿಯನ್ನು ಅವನ ಹಿಂದಿನ ಕ್ಲಬ್ ಕ್ಲೈಡ್‌ಗೆ ಎರವಲು ಕಳಿಸಿದರು. ಅಲ್ಲಿನ ಮೈದಾನ ನಗರಾಡಳಿತದ್ದು. ಅವನು ಒಳಗೆ ಕಾಲಿಡುವಂತಿಲ್ಲ ಎಂದರು. ಆ ಎರವಲೂ ಮುರಿದುಬಿತ್ತು. 2023ರಲ್ಲಿ ಇಂಗ್ಲೆಂಡಿನ ರ‍್ಯಾಡ್‌ಕ್ಲಿಫ್ ಎಂಬ ಸಣ್ಣ ಕ್ಲಬ್ ಆಡಿಸಿತು. ಮೊದಲ ಪಂದ್ಯದಲ್ಲೇ ಹ್ಯಾಟ್ರಿಕ್. ಅದೇ ಕೊನೆಯ ಪಂದ್ಯವೂ ಆಯಿತು, ಜನ ಬಿಡಲಿಲ್ಲ. ಗಜ ಲೆಕ್ಕದವರೇ, ಹ್ಯಾಟ್ರಿಕ್ ಹೊಡೆದವನನ್ನೂ ಕೈಬಿಟ್ಟರು, ಇದನ್ನು ನಿಮ್ಮ ಪುಸ್ತಕದಲ್ಲಿ ಎಲ್ಲಿ ಬರೆದುಕೊಳ್ಳುತ್ತೀರಿ?

ಗಜ ಲೆಕ್ಕ

ತಲೆನೋವಿನ ಕಡೆಗೆ. ಆ ಮಟ್ಟದ ಕ್ಲಬ್ಬಿಗೆ ಪ್ರಾಯೋಜಕರೂ ನಗರಾಡಳಿತವೂ ಗೋಲುಗಳಿಗಿಂತ ದೊಡ್ಡ ಆದಾಯ.

ಧಾರವಾಡ ವಕೀಲ

ಫೋರ್ತ್ ಕೊಲ್ಲಿಯವರು ತಂದ ಪ್ರಕರಣ ವಿಕ್‌ನದಕ್ಕಿಂತ ಜಟಿಲ. ಕ್ರಿಮಿನಲ್ ನ್ಯಾಯಾಲಯ ಸಂದೇಹಕ್ಕೆ ಎಡೆಯಿಲ್ಲದ ರುಜುವಾತು ಕೇಳುತ್ತದೆ. ಸಿವಿಲ್ ನ್ಯಾಯಾಲಯಕ್ಕೆ ಹೀಗೇ ನಡೆದಿರುವ ಸಾಧ್ಯತೆ ಹೆಚ್ಚು ಎಂದು ಮನವರಿಕೆಯಾದರೆ ಸಾಕು. ಸ್ಕಾಟ್ಲೆಂಡಿನ ಕ್ರಿಮಿನಲ್ ಪ್ರಕರಣಗಳಲ್ಲಿ ಅದರ ಮೇಲೆ ಪ್ರತಿ ಮುಖ್ಯ ಅಂಶಕ್ಕೂ ಇನ್ನೊಂದು ಸಾಕ್ಷ್ಯದ ಒತ್ತಾಸೆ ಬೇಕೆಂಬ ಹಳೆಯ ನಿಯಮವಿತ್ತು, ಅತ್ಯಾಚಾರದ ಎಷ್ಟೋ ದೂರುಗಳು ಅಲ್ಲಿಯೇ ಬಿದ್ದುಹೋಗುತ್ತಿದ್ದವು. ಹೀಗಾಗಿ ಅವನು ಶಿಕ್ಷಿತನಲ್ಲ. ಆದರೆ ನ್ಯಾಯಾಧೀಶರು ವಾದ ಕೇಳಿ, ಸಾಕ್ಷ್ಯ ತೂಗಿ, ಬರೆದು ಕೊಟ್ಟ ತೀರ್ಪು ಗಾಳಿಮಾತೂ ಅಲ್ಲ.

ಅವಸರಪಡುವವರಿಗೆ ಚೆಡ್ ಎವನ್ಸ್ ನೆನಪಿರಲಿ. ವೇಲ್ಸ್ ಆಟಗಾರ, 2012ರಲ್ಲಿ ಅತ್ಯಾಚಾರದ ಅಪರಾಧಿ ಎಂದು ಐದು ವರ್ಷ ಶಿಕ್ಷೆ. 2014ರಲ್ಲಿ ಹೊರಬಂದಾಗ ಶೆಫೀಲ್ಡ್ ಯುನೈಟೆಡ್ ಅಭ್ಯಾಸಕ್ಕೆ ಕರೆಯಿತು. ಒಲಿಂಪಿಕ್ ಚಾಂಪಿಯನ್ ಜೆಸಿಕಾ ಎನ್ನಿಸ್, ಅವನನ್ನು ತೆಗೆದುಕೊಂಡರೆ ಆ ಕ್ಲಬ್ಬಿನ ಮೈದಾನದ ಗ್ಯಾಲರಿಯಿಂದ ನನ್ನ ಹೆಸರು ತೆಗೆಯಿರಿ ಎಂದರು. ಕ್ಲಬ್ ಹಿಂದೆ ಸರಿಯಿತು. ಓಲ್ಡ್‌ಹ್ಯಾಮ್ ಎಂಬ ಇನ್ನೊಂದು ಕ್ಲಬ್ ಕೂಡ ಮುಂದೆ ಬಂದು ಹಿಂದೆ ಹೋಯಿತು. 2016ರಲ್ಲಿ ಮೇಲ್ಮನವಿ ನ್ಯಾಯಾಲಯ ಶಿಕ್ಷೆಯನ್ನು ರದ್ದುಮಾಡಿ ಮರುವಿಚಾರಣೆಗೆ ಹೇಳಿತು, ಅಕ್ಟೋಬರ್‌ನಲ್ಲಿ ನ್ಯಾಯದರ್ಶಿಗಳು ನಿರಪರಾಧಿ ಎಂದರು. ಆ ಮರುವಿಚಾರಣೆಯಲ್ಲಿ ಮಹಿಳೆಯ ಖಾಸಗಿ ಬದುಕನ್ನು ಎಳೆದುತಂದ ರೀತಿಯ ಬಗ್ಗೆ ಬೇರೆಯೇ ಗದ್ದಲವಾಯಿತು, ಅದು ನ್ಯಾಯವಾದ ಗದ್ದಲವೇ. 2014ರಲ್ಲಿ ಕ್ಲಬ್ಬಿನವರು ಎದುರಿಗಿದ್ದ ತೀರ್ಪನ್ನು ನೋಡಿ ನಡೆದುಕೊಂಡರು, ಬೇರೇನು ಮಾಡಲು ಸಾಧ್ಯವಿತ್ತು ಎಂದು ನಾನು ಕೇಳಿದರೆ ನೀವು ಉತ್ತರಿಸಲಾರಿರಿ.

ನನ್ನ ಮಟ್ಟಿಗೆ ವಿಕ್ ಇವರಿಬ್ಬರಿಗಿಂತ ಸುಲಭ. ಒಪ್ಪಿಕೊಂಡ. ಅನುಭವಿಸಿದ. ಹಿಡಿದ ನಾಯಿಗಳ ಆರೈಕೆಗೆಂದು ನ್ಯಾಯಾಲಯ ಹೇಳಿದ ಸುಮಾರು 9.28 ಲಕ್ಷ ಡಾಲರ್ ಕಟ್ಟಿದ. ಒಪ್ಪಿಕೊಳ್ಳದವನಿಗೆ ಎರಡನೇ ಅವಕಾಶ ಎಂಬ ಮಾತೇ ಹೊಂದುವುದಿಲ್ಲ. ಅವನ ಪ್ರಕಾರ ಮೊದಲನೆಯದೇ ಇನ್ನೂ ಕೆಟ್ಟಿಲ್ಲ.

ಫೋರ್ತ್ ಕೊಲ್ಲಿ

ವಕೀಲರೇ, ನಾನು ಕಾನೂನಿನ ದಾರಿ ಹಿಡಿದಿರಲಿಲ್ಲ. ಆ ನಾಯಕಿ ಹತ್ತು ವರ್ಷ ಅದೇ ಅಂಗಿ ತೊಟ್ಟು ಆಡಿದವರು. ತಮ್ಮ ಜತೆ ಅದೇ ಬಣ್ಣದ ಅಂಗಿಯಲ್ಲಿ ಯಾರು ನಿಲ್ಲುತ್ತಾರೆಂಬುದು ಅವರಿಗೆ ಗೊತ್ತಾದದ್ದು ನಮಗೆಲ್ಲ ಗೊತ್ತಾದಾಗಲೇ. ಸಹಿ ಹಾಕುವ ಮೊದಲು ಯಾರನ್ನೂ ಕೇಳಿರಲಿಲ್ಲ. ನನ್ನ ಸಿಟ್ಟು ಅಲ್ಲಿದೆ. ನಮ್ಮ ಪಕ್ಕದ ಮನೆಯ ಹುಡುಗಿ ಆ ತಂಡದ ಅಭ್ಯಾಸ ನೋಡಲು ಹೋಗುತ್ತಿದ್ದಳು. ಅಪ್ಪ ಕೊಡಿಸಿದ್ದ ಋತುವಿನ ಟಿಕೆಟನ್ನು ಆ ವಾರವೇ ಕತ್ತರಿಸಿ ಲಕೋಟೆಯಲ್ಲಿ ಹಾಕಿ ಕ್ಲಬ್ಬಿಗೆ ಕಳಿಸಿದಳು. ಹಣ ವಾಪಸು ಕೇಳಲಿಲ್ಲ.

ಆಸ್ಟಿನ್ ಟೌನ್ ಹತ್ತು

ಬೆಂಗಳೂರಿನ ಸಣ್ಣ ಲೀಗ್‌ನಲ್ಲಿ ತರಬೇತಿ ಕೊಡುವವನು ನಾನು. ನಮ್ಮ ಆಸ್ಟಿನ್ ಟೌನ್, ಗೌತಮಪುರದ ಗಲ್ಲಿಗಳಲ್ಲಿ ಪೆಲೆಯ ಪ್ರತಿಮೆ ಇಟ್ಟು ಫುಟ್‌ಬಾಲ್ ಆಡುತ್ತಾರೆ, ಪತ್ರಿಕೆಯವರು ವಿಶ್ವಕಪ್ ಬಂದಾಗ ಮಾತ್ರ ಬಂದು ಫೋಟೊ ಹಿಡಿಯುತ್ತಾರೆ. ಕೋಟಿ ಡಾಲರ್ ನಮಗೆ ಸಂಬಂಧವಿಲ್ಲ. ಹುಡುಗರಿಗೆ ಪಂದ್ಯದ ದಿನ ಬಸ್ ಚಾರ್ಜು, ಗೆದ್ದರೆ ಬಿರಿಯಾನಿ. ಆದರೂ ಈ ಪ್ರಶ್ನೆ ನಮ್ಮಲ್ಲೂ ಬರುತ್ತದೆ.

ಒಬ್ಬ ಹುಡುಗ. ಎಡಗಾಲು ಅಂಥದ್ದು, ನಾನು ನೋಡಿದವರಲ್ಲಿ ಎಲ್ಲರಿಗಿಂತ ಮೇಲು. ಒಂದು ಸಂಜೆ ಅಭ್ಯಾಸ ಮುಗಿದು ಚಹಾ ಅಂಗಡಿಯ ಮುಂದೆ ಮಾತಿಗೆ ಮಾತು ಬೆಳೆದು ನಮ್ಮದೇ ತಂಡದ ಕಿರಿಯನೊಬ್ಬನ ದವಡೆ ಮುರಿದ. ಬಿದ್ದ ಮೇಲೂ ಒದ್ದ. ಕಿರಿಯ ಹುಡುಗ ತಿಂಗಳುಗಟ್ಟಲೆ ದವಡೆಗೆ ತಂತಿ ಬಿಗಿಸಿಕೊಂಡು ಗಂಜಿ ಕುಡಿದ. ಪೊಲೀಸ್ ಠಾಣೆಯಲ್ಲಿ ರಾಜಿಯಾಯಿತು, ಆಸ್ಪತ್ರೆಯ ಖರ್ಚನ್ನು ಅವನ ಅಣ್ಣ ಕಟ್ಟಿದ. ವರ್ಷ ಕಳೆದು ಹೊಸ ಲೀಗ್‌ನ ನೋಂದಣಿ ಬಂದಾಗ ಅವನು ನನ್ನ ಮನೆ ಬಾಗಿಲಿಗೆ ಬಂದು, ಸರ್, ಬುದ್ಧಿ ಬಂದಿದೆ, ಆಡಿಸಿ ಎಂದ. ನಿಜವಾಗಿಯೂ ಬಂದಿತ್ತು ಎಂದೇ ನನಗೆ ಅನ್ನಿಸಿತು. ಕ್ಲಬ್ಬಿನ ಹಿರಿಯರೂ ತಗೊಳ್ಳಿ ಮಾಸ್ಟರೇ, ಈ ಸಲ ಮೇಲಿನ ಡಿವಿಷನ್‌ಗೆ ಹೋಗಬಹುದು ಎಂದರು.

ನಾನು ಆ ಕಿರಿಯ ಹುಡುಗನ ಮನೆಗೆ ಹೋದೆ. ತಾಯಿ ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದರು, ಎದ್ದೇಳಲಿಲ್ಲ. "ಅವನನ್ನು ಸೇರಿಸಿಕೊಳ್ಳಬೇಡಿ ಎಂದು ನಾನು ಹೇಳುವುದಿಲ್ಲ ಮಾಸ್ಟರ್. ಅವನು ಬಂದರೆ ನನ್ನ ಮಗ ಬರುವುದಿಲ್ಲ, ಅಷ್ಟೇ" ಎಂದರು. ಹುಡುಗ ಒಳಗೇ ಇದ್ದ, ಹೊರಗೆ ಬರಲಿಲ್ಲ.

ಸೇರಿಸಿಕೊಳ್ಳಲಿಲ್ಲ. ಬೇರೆ ಕ್ಲಬ್ ಒಂದೇ ವಾರದಲ್ಲಿ ಸಹಿ ಹಾಕಿಸಿಕೊಂಡಿತು. ಆ ವರ್ಷ ನಮ್ಮ ಮೇಲೆಯೇ ಎರಡು ಗೋಲು ಹೊಡೆದ, ಒಂದು ಎಡಗಾಲಿನದು, ಕಂಬದ ಒಳಬದಿಗೆ ತಾಗಿ ಹೋಯಿತು. ಹಿರಿಯರು ನನ್ನೊಂದಿಗೆ ಮಾತು ಬಿಟ್ಟರು. ಬೇರೆ ಕ್ಲಬ್ಬಿನವರು ಮಾಡಿದ್ದು ತಪ್ಪು ಎಂದೂ ನಾನು ಹೇಳಲಾರೆ. ಅಲ್ಲಿ ಅವನ ಒದೆ ತಿಂದವರು ಯಾರೂ ಇರಲಿಲ್ಲ.

ಕುಂದಾಪ್ರ ಕಡಲು

ಮಾಸ್ಟರೇ, ಇದು ಸರಿ. ಹುಡುಗ ಆಡಬೇಕು, ಆದರೆ ಇಲ್ಲಿ ಅಲ್ಲ. ಅಟ್ಲಾಂಟಾ ಕೂಡ ಮಾಡಿದ್ದು ಅದೇ ಅಲ್ಲವೇ? ವಿಕ್ ತಮ್ಮ ಎದುರೇ ಸುಳ್ಳು ಹೇಳಿದ್ದ ಎಂಬ ನೋವು ಫಾಲ್ಕನ್ಸ್ ಮಾಲೀಕರಿಗೆ ಇತ್ತು, ಅವರು ಮತ್ತೆ ಸೇರಿಸಿಕೊಳ್ಳಲಿಲ್ಲ, ಬಿಟ್ಟುಕೊಟ್ಟರು.

ಡೆಲವೇರ್ ದಂಡೆ

ಇದನ್ನು ನಾನು ಹೀಗೆ ಯೋಚಿಸಿರಲಿಲ್ಲ. ಆದರೆ ಒಂದು ತೊಡಕಿದೆ. ರೇಯ್ತ್‌ನವರು ನಾಯಕಿಯನ್ನು ಕೇಳಬಹುದಿತ್ತು, ಮಾಸ್ಟರು ತಾಯಿಯನ್ನು ಕೇಳಿದರು. ಈಗಲ್ಸ್ ಮಾಲೀಕ ಜೆಫ್ರಿ ಲೂರಿ ಯಾರನ್ನು ಕೇಳಬೇಕಿತ್ತು? ನಾಯಿಗಳನ್ನೇ? ಆ ವರ್ಷವೇ ತಂಡ ಪ್ರಾಣಿ ಕಲ್ಯಾಣ ಸಂಸ್ಥೆಗಳಿಗೆ ಹಣ ಕೊಡುವ ಯೋಜನೆ ತೆರೆಯಿತು. ವಿಕ್ ಪ್ರಾಣಿದಯಾ ಸಂಘದವರ ಜತೆ ಶಾಲೆ ಶಾಲೆಗೆ ಹೋಗಿ ಮಾತಾಡಿದ. ಕಾಳಗ ನೋಡಲು ಹೋಗುವುದನ್ನೂ ಅಪರಾಧವಾಗಿಸುವ ಮಸೂದೆಯ ಪರವಾಗಿ 2011ರಲ್ಲಿ ವಾಷಿಂಗ್ಟನ್‌ಗೆ ಹೋಗಿ ನಿಂತ. ಇದಕ್ಕಿಂತ ಹೆಚ್ಚು ಏನು ಮಾಡಬೇಕಿತ್ತು, ಮೈಸೂರಿನ ಮೇಡಂ, ನೀವೇ ಹೇಳಿ.

ಚಾಮುಂಡಿ ತಪ್ಪಲು

ಹೇಳುತ್ತೇನೆ. ಕೇಳಲು ಜನ ಇದ್ದರು.

ಅದಕ್ಕೂ ಮೊದಲು ಕಾಳಗದ ದಂಧೆಯಲ್ಲಿ ಸಿಕ್ಕಿದ ನಾಯಿಗಳನ್ನು ಅಮೆರಿಕದಲ್ಲಿ ಸಾಮಾನ್ಯವಾಗಿ ಚುಚ್ಚುಮದ್ದು ಕೊಟ್ಟು ಕೊಲ್ಲುತ್ತಿದ್ದರು. ಇವು ಸಾಕುವ ಪ್ರಾಣಿಗಳಲ್ಲ, ಸಾಕ್ಷ್ಯದ ವಸ್ತುಗಳು ಎಂಬ ಭಾವನೆ. ದೊಡ್ಡ ಪ್ರಾಣಿದಯಾ ಸಂಸ್ಥೆಗಳೂ ಇವನ್ನು ಉಳಿಸುವುದು ಆಗದ ಮಾತು ಎಂದಿದ್ದವು. ವಿಕ್ ಪ್ರಕರಣದಲ್ಲಿ ಮೊದಲ ಬಾರಿಗೆ ಇಷ್ಟು ದೊಡ್ಡ ಸಂಖ್ಯೆಯಲ್ಲಿ ಒಂದೊಂದನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿದರು. ಐವತ್ತರ ಆಸುಪಾಸಿನ ನಾಯಿಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಉಳಿದವು. 22 ನಾಯಿಗಳು ಯೂಟಾದ ಬೆಸ್ಟ್ ಫ್ರೆಂಡ್ಸ್ ಆಶ್ರಯಕ್ಕೆ ಹೋದವು, ಕೆಲವು ಕ್ಯಾಲಿಫೋರ್ನಿಯಾದವರ ಮನೆಗೆ. ರೋಗಿಗಳ ಪಕ್ಕ ಕೂರುವ ತರಬೇತಿ ಪಡೆದವೂ ಇದ್ದವು. ಆ ನಾಯಿಗಳನ್ನು ಮನೆಗೆ ಕರೆದೊಯ್ದು, ಮೆಟ್ಟಿಲು ಹತ್ತುವುದನ್ನು, ಹುಲ್ಲಿನ ಮೇಲೆ ಕಾಲಿಡುವುದನ್ನು ಮೊದಲಿನಿಂದ ಕಲಿಸಿದ ಜನ 2009ರ ಆಗಸ್ಟ್‌ನಲ್ಲಿ ಜೀವಂತವಾಗಿದ್ದರು, ಫೋನ್ ನಂಬರ್ ಇದ್ದವರು. ಸಹಿ ಹಾಕಿಸುವ ಮೊದಲು ಅವರ ಮನೆಗೆ ಹೋಗಿ ಆ ಹೊಲಿಗೆ ಯಂತ್ರದ ತಾಯಿಯ ಎದುರು ನಿಂತಂತೆ ನಿಂತಿದ್ದರೆ ನಾನು ಲೂರಿಯವರನ್ನು ಒಪ್ಪುತ್ತಿದ್ದೆ. ಸಹಿಯ ನಂತರ ತೆರೆದ ಯೋಜನೆ ಬೇರೆ ಜಾತಿಯದು. ಅದಕ್ಕೆ ಪ್ರಚಾರ ವಿಭಾಗ ಸಾಕು.

ವಿಕ್ ಶಾಲೆಗಳಿಗೆ ಹೋದದ್ದನ್ನು ನಾನು ಅಲ್ಲಗಳೆಯುವುದಿಲ್ಲ. ನಾನು ನೂರು ಭಾಷಣ ಮಾಡಿದರೂ ಕೇಳದ ಹುಡುಗರು ಅವನ ಒಂದು ಮಾತು ಕೇಳಿರುತ್ತಾರೆ.

ಗಜ ಲೆಕ್ಕ

ಕೇಳಿದ್ದರೆ ಅವರು ಬೇಡ ಎನ್ನುತ್ತಿದ್ದರು. ಅದಕ್ಕೇ ಕೇಳಲಿಲ್ಲ.

ಆಸ್ಟಿನ್ ಟೌನ್ ಹತ್ತು

ಹಾಗೇನಿಲ್ಲ ಸ್ವಾಮಿ. ನಾನು ಹೋದಾಗ ಆ ತಾಯಿ ಸರಿ ಎನ್ನಬಹುದೆಂಬ ಆಸೆ ನನಗೂ ಇತ್ತು. ಎಂಥ ಎಡಗಾಲು ಅದು, ನೀವು ನೋಡಿಲ್ಲ.

ಧಾರವಾಡ ವಕೀಲ

ಮಾಸ್ಟರೇ, ಆ ಕಿರಿಯ ಹುಡುಗ ಈಗಲೂ ಆಡುತ್ತಿದ್ದಾನೆಯೇ?

ಆಸ್ಟಿನ್ ಟೌನ್ ಹತ್ತು

ಆಡುತ್ತಾನೆ ಸರ್. ಬಲ ಬದಿಯ ಡಿಫೆಂಡರ್. ಸಾಧಾರಣ ಆಟಗಾರ. ಈ ಭಾನುವಾರ ಬೆಳಿಗ್ಗೆ ಪಂದ್ಯವಿದೆ, ಬೆಂಗಳೂರಿನಲ್ಲಿರುವವರು ಬನ್ನಿ, ಎದುರಾಳಿ ಆ ಇನ್ನೊಂದು ಕ್ಲಬ್ಬೇ.